ಇಳಕಲ್ ಸೀರೆಗೆ ಕತ್ತರಿ ಹಚ್ಚಬಹುದೇ?

ಕಾಲೇಜಿನ ಎಥ್ನಿಕ್ ಡೇ, ಮದುವೆ ಫೋಟೋಶೂಟ್, ಬಾದಾಮಿ ಬನಶಂಕರಿ ಜಾತ್ರೆಯ ರೀಲ್ಸು. ಬಾಗಲಕೋಟೆ ಕಡೆ ಇಳಕಲ್ ಸೀರೆ ಉಡುವುದರ ಜೊತೆಗೆ ಅದನ್ನು ಗೌನು, ಕುರ್ತಾ, ಜಾಕೆಟ್ ಮಾಡಿ ಹೊಲಿಸಿಕೊಳ್ಳುವ ಚಾಳಿಯೂ ಬೆಳೆದಿದೆ. ಹುಡುಗಿ ಸೀರೆ ಹಿಡಿದು ಟೇಲರ್ ಅಂಗಡಿಗೆ ಹೊರಟಳೆಂದರೆ ಮನೆಯ ಹಿರಿಯರು ಬಾಗಿಲಲ್ಲೇ ತಡೆಯುತ್ತಾರೆ: "ಯವ್ವಾ, ಸೀರಿಗೆ ಯಾರರೆ ಕತ್ತರಿ ಹಚ್ಚತಾರೇನ?" ಹೊಲಿಗೆ ಬಲ್ಲವರೊಬ್ಬರು, ಮಗ್ಗ ಬಲ್ಲವರೊಬ್ಬರು ಇಲ್ಲಿ ತಮ್ಮ ತಮ್ಮ ಉತ್ತರ ಕೊಟ್ಟಿದ್ದಾರೆ.

ಪರ: ಟ್ರಂಕಿನ ಸೀರೆ ಮೈಮೇಲೆ ಬರಲಿ

ನಮ್ಮ ಕಡೆ ಯಾವ ಮನೆಯ ಟ್ರಂಕು ತೆಗೆದರೂ ಮೇಲೆ ಸಿಗುವುದು ಉಡಿ ತುಂಬಿದ ಖಣಗಳ, ಅಂದರೆ ಕುಪ್ಪಸದ ಬಟ್ಟೆಗಳ, ಕಟ್ಟು. ತ್ರಿಕೋನ ಮಡಿಕೆ ಬಿಚ್ಚಿಯೇ ಇರುವುದಿಲ್ಲ. ಈ ಮನೆಯ ಕುಬಸಕ್ಕೆ (ಸೀಮಂತಕ್ಕೆ) ಬಂದದ್ದು ಆ ಮನೆಯ ವಾಸ್ತುಶಾಂತಿಗೆ ಹೋಗಿ, ಮೂರು ವರ್ಷಕ್ಕೆ ಊರೆಲ್ಲ ಸುತ್ತಿ ತವರಿಗೇ ಮರಳಿದರೂ ಆಶ್ಚರ್ಯವಿಲ್ಲ. ಅದರ ಕೆಳಗೆ ಎರಡು-ಮೂರು ಇಳಕಲ್ ಸೀರೆ, ನುಸಿಗುಳಿಗೆಯ ವಾಸನೆ. ಇದನ್ನು ಸಂಪ್ರದಾಯ ಉಳಿಸುವುದು ಎನ್ನುವುದಾದರೆ ನನಗೆ ಒಪ್ಪಿಗೆ ಇಲ್ಲ.

ಇಪ್ಪತ್ತರ ಹುಡುಗಿ ಈ ಸೀರೆಯಿಂದ ದೂರ ಸರಿದದ್ದು ಅದು ಚೆಂದ ಇಲ್ಲವೆಂದಲ್ಲ. ಧಾರಾವಾಹಿಗಳಲ್ಲಿ ನಮ್ಮ ಕಡೆಯ ಹೆಣ್ಣು ಅಂದರೆ ಖಣದ ಕುಪ್ಪಸ, ಇಳಕಲ್ ಸೀರೆ, ಮುಗ್ಧ ಮುಖ, ಜೋರು ದನಿ. ಅವಳು ಪಟ್ಟಣ ಸೇರಿ ಬುದ್ಧಿವಂತೆ ಆದಳೆಂದು ತೋರಿಸಬೇಕಾದಾಗ ಮೊದಲು ಬದಲಾಗುವುದೇ ಆ ಸೀರೆ. ಹೀಗೆ ಉಡುಪಿಗೆ ಅಂಟಿದ 'ಹಳ್ಳಿ ಗುಗ್ಗು' ಎಂಬ ಚೀಟಿಯನ್ನು ಕಿತ್ತವರು ಅದೇ ಖಣವನ್ನು ಜೀನ್ಸ್ ಮೇಲೆ ಜಾಕೆಟ್ ಮಾಡಿ ಹಾಕಿಕೊಂಡ ಹುಡುಗಿಯರು. ಅದನ್ನು ಹಾಕಿಕೊಂಡು ಸ್ಕೂಟಿ ಹತ್ತುತ್ತಾರೆ, ಇಂಟರ್‌ವ್ಯೂಗೂ ಹೋಗುತ್ತಾರೆ. ಸೆರಗು ಜಾರೀತೆಂದು ಎಡಗೈ ಹೆಗಲ ಮೇಲೇ ಇಟ್ಟುಕೊಳ್ಳುವ ಕಾಟವಿಲ್ಲ. ಎರಡೂ ಕೈ ಬಿಡುವಾಗಿದ್ದರೆ ನಿಲ್ಲುವ ಭಂಗಿಯೇ ಬೇರೆಯಾಗುತ್ತದೆ.

ಕೆಟ್ಟ ಹೊಲಿಗೆಯನ್ನು ನೋಡಿ ಕತ್ತರಿಯನ್ನೇ ಬೈಯುವುದು ಸರಿಯಲ್ಲ. ಐದೂವರೆ ಮೀಟರಿನ ಸೀರೆಯಲ್ಲಿ ಸೆರಗನ್ನು ಮುಟ್ಟದೆಯೂ ಒಂದು ಗೌನು ಏಳುತ್ತದೆ. ಲೆಕ್ಕ ಹೀಗೆ. ಸೆರಗಿನ ತುದಿಯಿಂದ 2.25 ಮೀಟರು ಅಳೆದು ಬೇರೆ ಮಾಡಿ, ಅದು ದುಪಟ್ಟಾ. ಸೆರಗು ಇಡಿಯಾಗಿ ಅಲ್ಲೇ ಉಳಿಯಿತು, ಕತ್ತರಿಸಿದ ತುದಿಗೆ ಪಿಕೋ ಮಾಡಿಸಿದರೆ ಸಾಕು. ಉಳಿದದ್ದರಲ್ಲಿ 2.75 ಮೀಟರು ಘೇರಿಗೆ, ಅಂದರೆ ಗೌನಿನ ಕೆಳಭಾಗದ ಸುತ್ತಿಗೆ. ಸೀರೆಯನ್ನು ಅಡ್ಡಲಾಗಿ ಹಿಡಿಯಬೇಕು, ಕೆಳದಡಿ (ಕೆಳಗಿನ ಅಂಚು) ಪಾದದ ಸುತ್ತ ಬರುವ ಹಾಗೆ. ಸೀರೆಯ ಪನ್ನ (ಅಗಲ) 46 ಇಂಚು, ಮೇಲಿನ ದಡಿ 4 ಇಂಚು ಇದ್ದರೆ, ಆ ದಡಿ ಕತ್ತರಿಸಿ ತೆಗೆದ ಮೇಲೆ 42 ಇಂಚು ಉಳಿಯುತ್ತದೆ. ಸೊಂಟದ ಹೊಲಿಗೆಗೆ ಒಂದೂವರೆ ಇಂಚು ಬಿಟ್ಟರೆ ಸೊಂಟದಿಂದ ಪಾದಕ್ಕೆ ನಲವತ್ತೂವರೆ. ಐದಡಿ ಎರಡಂಗುಲದವರಿಗೆ ಧಾರಾಳ. ತೆಗೆದ ದಡಿಯನ್ನು ತೋಳಿನ ಅಂಚಿಗೆ ಕೊಡಿ. ತೋಳಿಗೆ ಉಳಿದ ಅರ್ಧ ಮೀಟರು ಸಾಕು. ಎದೆಭಾಗಕ್ಕೆ ಸೀರೆ ಬೇಡವೇ ಬೇಡ. ಟ್ರಂಕಿನ ಎರಡು ಗುಳೇದಗುಡ್ಡ ಖಣ ಹಿಡಿಯಿರಿ, ಮುಂದಕ್ಕೊಂದು, ಹಿಂದಕ್ಕೊಂದು.

ಖಣದಲ್ಲಿ ಎಡವುವುದು ಎರಡು ಕಡೆ. ತೇರು, ತುಳಸಿ ವೃಂದಾವನದಂಥ ಚಿತ್ತಾರಕ್ಕೆ ತಲೆ-ಬುಡ ಇದೆ. ಹೆಗಲ ಮೇಲೆ ಹೊಲಿಗೆ ಕೊಡದೆ ಒಂದೇ ತುಂಡನ್ನು ಮುಂದೆ-ಹಿಂದೆ ಇಳಿಬಿಟ್ಟರೆ ಬೆನ್ನಿನ ಮೇಲೆ ತೇರು ತಲೆಕೆಳಗು. ಹೆಗಲಲ್ಲಿ ಕತ್ತರಿಸಿ ಜೋಡಿಸಲೇಬೇಕು. ಇನ್ನೊಂದು ಅದರ ಹಿಂಬದಿ: ಚಿತ್ತಾರದ ಎಳೆಗಳು ಸಡಿಲವಾಗಿ ತೇಲುತ್ತಿರುತ್ತವೆ, ಬಳೆ-ಉಂಗುರಕ್ಕೆ ಸಿಕ್ಕರೆ ಎದುರಿನ ಹೂವೇ ಸುಕ್ಕಾಗುತ್ತದೆ. ಅಸ್ತರ (ಒಳಪದರದ ಬಟ್ಟೆ) ಕಡ್ಡಾಯ, ಅದೂ ಹತ್ತಿಯದು, ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿದ್ದು. ನೆನೆಸದ ಅಸ್ತರ ಮೊದಲ ಒಗೆತಕ್ಕೆ ಕುಗ್ಗಿ ಮೇಲಿನ ಬಟ್ಟೆಯನ್ನು ಜಗ್ಗುತ್ತದೆ. ಎಷ್ಟು ಇಸ್ತ್ರಿ ಮಾಡಿದರೂ ಆ ಜಗ್ಗು ಹೋಗುವುದಿಲ್ಲ, ಬೈಗುಳ ಮಾತ್ರ ಟೇಲರಕ್ಕನಿಗೆ.

ಸೂಜಿ 11 ನಂಬರಿನದಿರಲಿ. ದಪ್ಪ ಸೂಜಿ ರೇಷ್ಮೆ ದಡಿಯಲ್ಲಿ ಬಿಟ್ಟ ತೂತು ಹೊಲಿಗೆ ಬಿಚ್ಚಿದರೂ ಮುಚ್ಚುವುದಿಲ್ಲ. ಬಗಲು, ಸೊಂಟದಲ್ಲಿ ಒಂದೂವರೆ ಇಂಚು ಒಳಗೆ ಬಿಟ್ಟು ಹೊಲಿಯಿರಿ, ಮೈ ಬದಲಾದರೆ ಬಿಚ್ಚಿಕೊಳ್ಳಬಹುದು. ಕತ್ತರಿಸಿದ ಅಂಚುಗಳಿಗೆಲ್ಲ ಓವರ್‌ಲಾಕ್ ಬೇಕು. ಇನ್ನು ಕೆಂಪು ಬಣ್ಣ: ಒದ್ದೆ ಬಿಳಿ ಬಟ್ಟೆಯನ್ನು ಸೆರಗಿನ ಮೂಲೆಯ ಮೇಲಿಟ್ಟು ಇಸ್ತ್ರಿ ಒತ್ತಿ ನೋಡಿ. ಗುಲಾಬಿ ಕಲೆ ಬಿದ್ದರೆ ಅದನ್ನು ತಿಳಿ ಬಣ್ಣದ ಯಾವುದಕ್ಕೂ ಜೋಡಿಸಬೇಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬುದು ಬರೀ ನಂಬಿಕೆ.

ಸೀರೆ ಹರಿಯುವುದೇ ಪಾಪ ಎನ್ನುವವರು ತಮ್ಮ ಹಾಸಿಗೆ ಒಮ್ಮೆ ನೋಡಿಕೊಳ್ಳಲಿ. ಕೌದಿ ಎಲ್ಲಿಂದ ಬಂತು? ಅಜ್ಜಿಯರು ಹರಿದು, ತುಂಡು ಜೋಡಿಸಿ, ಹೊಲಿದು ಹೊದೆಸಿದ್ದೂ ಸೀರೆಯನ್ನೇ.

ವಿರೋಧ: ಗೌನಿಗೆ ಕೊಂಡಿ ಬೇಕಿಲ್ಲ

ಖಣದ ಮಟ್ಟಿಗೆ ನನ್ನ ತಕರಾರಿಲ್ಲ. ಖಣ ಹುಟ್ಟಿದ್ದೇ ಹೊಲಿಸಿಕೊಳ್ಳಲಿಕ್ಕೆ; ಎರಡೂ ಬದಿ ದಡಿ ಇಟ್ಟು ನೇಯುವುದೇ ಕುಪ್ಪಸದ ತೋಳಿಗೆ, ಕೆಳ ಅಂಚಿಗೆ ಬರಲೆಂದು. ಜಾಕೆಟ್ ಮಾಡಿ, ಚೀಲ ಮಾಡಿ. ಸೀರೆಯ ಮಾತು ಬೇರೆ.

ಇಳಕಲ್ ಸೀರೆಯನ್ನು ಒಮ್ಮೆ ತಿರುಗಿಸಿ, ಒಡಲು ಮುಗಿದು ಸೆರಗು ಶುರುವಾಗುವ ಗೆರೆಯ ಮೇಲೆ ಬೆರಳಾಡಿಸಿ. ಸಣ್ಣ ಸಣ್ಣ ಗಂಟುಗಳ ಸಾಲು ಸಿಗುತ್ತದೆ. ಬಹುತೇಕ ಸೀರೆಗಳಲ್ಲಿ ಹಾಸಿನ ಎಳೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡಿದ ಎಳೆ, ಈ ತುದಿಯಿಂದ ಆ ತುದಿಗೆ ಒಂದೇ. ಇಳಕಲ್ಲಿನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ತೂರಿಸಿ, ಪನ್ನದುದ್ದಕ್ಕೂ ಎಳೆ-ಎಳೆಗೂ ಕೊಂಡಿ ಹಾಕಬೇಕು. ಹೀಗೆ ಸೇರಿಸಿದ ಸೆರಗೇ ತೋಪು-ತೆನಿ. ಒಂದು ಹಾಸು ಸುತ್ತಿಟ್ಟುಕೊಂಡು ಸಾಲಾಗಿ ಹತ್ತು ಸೀರೆ ನೇಯ್ದು ಕೊಯ್ಯಲು ಬರುವುದಿಲ್ಲ, ಪ್ರತಿ ಸೀರೆಗೂ ಹಾಸು ಹೊಸದಾಗಿ ಕಟ್ಟಬೇಕು. ಇಷ್ಟೆಲ್ಲ ಪಾಡು ಆ 16ರಿಂದ 27 ಇಂಚಿನ ಕೆಂಪು ತೋಪಿನ ಸೆರಗಿಗಾಗಿ. ಅದರೊಳಗಿನ ಬಿಳಿ ತೆನಿಗಳು, ಅಂದರೆ ಚಿತ್ತಾರಗಳು, ಕೆಲವೆಡೆ ಬಾಚಣಿಗೆಯ ಹಲ್ಲಿನಂತೆ, ಕೆಲವೆಡೆ ಕೋಟೆಯ ಕೊಮ್ಮೆಯಂತೆ ಕೂರುತ್ತವೆ.

ಈಗ ಗೌನಿನವರು ಬಂದು ಕೇಳುವುದೇನು? "ಅಣ್ಣಾರ, ಬರೀ ಒಡಲಿನ ಬಟ್ಟೆ ಮೀಟರ್ ಲೆಕ್ಕದಾಗ ಕೊಡ್ರಿ." ಅದಕ್ಕೆ ಕೊಂಡಿ ಬೇಕಿಲ್ಲ. ದಡಿ, ಚೌಕಳಿ ಎರಡನ್ನೂ ಪವರ್‌ಲೂಮು ಸಲೀಸಾಗಿ ಹೊಡೆಯುತ್ತದೆ. ಟ್ರೆಂಡು ಮಗ್ಗವನ್ನು ಉಳಿಸುತ್ತದೆ ಎನ್ನುವವರು ಇದೊಂದನ್ನು ಯೋಚಿಸುವುದಿಲ್ಲ: ಬೇಡಿಕೆ ಒಡಲಿನ ಬಟ್ಟೆಗೆ ತಿರುಗಿದ ದಿನ ಮೊದಲು ಕೆಲಸ ಕಳೆದುಕೊಳ್ಳುವುದು ಕೊಂಡಿ ಹಾಕುವ ಕೈಗಳು. ಎದುರು ಬರೆದವರು ಸೆರಗನ್ನು ದುಪಟ್ಟಾ ಮಾಡಿ ಉಳಿಸಿದ್ದೇನೋ ಚೆಂದ. ಅಷ್ಟು ತಾಳ್ಮೆಯ ಟೇಲರುಗಳು ಎಷ್ಟು ಮಂದಿ? ಅಂಗಡಿಯ ರೆಡಿಮೇಡ್ ಗೌನುಗಳಲ್ಲಿ ಸೆರಗನ್ನು ಬೆನ್ನಿಗೋ ಎದೆಗೋ ಜೋಡಿಸಿರುತ್ತಾರೆ, ಕೊಂಡಿಯ ಗೆರೆ ಸರಿಯಾಗಿ ಬಗಲಿನ ಜಗ್ಗು ಬೀಳುವಲ್ಲಿ ಬಂದಿರುತ್ತದೆ. ಸೀರೆ ಉಟ್ಟಾಗ ಆ ಗೆರೆ ಬೆನ್ನ ಹಿಂದೆ ಸಡಿಲವಾಗಿ ಇಳಿಬಿದ್ದಿರುವುದು, ಅದಕ್ಕೆ ಭಾರವಿಲ್ಲ. ಬಿಗಿ ಉಡುಪಿನಲ್ಲಿ ನಾಲ್ಕು ಸಲ ಕೈ ಎತ್ತಿದರೆ ಗೆರೆ ಬಾಯಿ ಬಿಡುತ್ತದೆ. ಒಳಗಿಂದ ತೆಳು ಹತ್ತಿ ಪಟ್ಟಿ ಕೈಹೊಲಿಗೆಯಲ್ಲಿ ಕೊಟ್ಟರೆ ಸ್ವಲ್ಪ ದಿನ ತಡೆದೀತು.

ಕಸೂತಿ ಹಾಕಿದ ಸೀರೆಯಾದರಂತೂ ಕತ್ತರಿ ಹತ್ತಿರವೇ ಬೇಡ. ಗವಂತಿ, ಮುರ್ಗಿ, ನೇಗಿ, ಹೆಂತೆ, ಯಾವ ಹೊಲಿಗೆಗೂ ಗಂಟು ಹಾಕುವುದಿಲ್ಲ. ಗವಂತಿ ಹಿಂದೆ-ಮುಂದೆ ಒಂದೇ ಥರ ಕಾಣುತ್ತದೆ. ಗೋಪುರದ ಚಿತ್ತಾರದ ನಡುವೆ ಒಂದು ಕಡೆ ಕತ್ತರಿ ಆಡಿತೋ, ದಾರದ ತುದಿ ಹಿಡಿದಿಡಲು ಏನೂ ಇಲ್ಲ. ಎರಡು ಒಗೆತಕ್ಕೆ ಗೋಪುರ ಕಳಚುತ್ತದೆ, ಪಕ್ಕದ ಪಲ್ಲಕ್ಕಿಯೂ ಹಿಂದೆಯೇ ಹೋಗುತ್ತದೆ.

ಆತ್ಮವಿಶ್ವಾಸದ ಮಾತಿಗೆ ಬರೋಣ. ಗೌನಿಗೆ ಸೈಜಿದೆ, ಸೀರೆಗಿಲ್ಲ. ಮದುವೆಗೆ ಮುಂಚೆ ಹೊಲಿಸಿದ ಗೌನು ಬಾಣಂತನದ ನಂತರ ಜಿಪ್ ಹತ್ತುವುದಿಲ್ಲ. ಒಂದೂವರೆ ಇಂಚು ಬಿಚ್ಚಿದರೂ ಹಳೆ ಹೊಲಿಗೆಯ ಗೆರೆ ಎದ್ದು ಕಾಣುತ್ತದೆ, ಆಗ ಹೆಣ್ಣುಮಗಳು ಬೈಯ್ದುಕೊಳ್ಳುವುದು ತನ್ನ ಮೈಯನ್ನು. ಐವತ್ತು ಕಿಲೋಗೆ ಏಳು ನಿರಿಗೆ, ಎಪ್ಪತ್ತು ಕಿಲೋಗೆ ಐದು ನಿರಿಗೆ, ಸೀರೆಯ ಲೆಕ್ಕ ಅಷ್ಟೇ. ಅತ್ತೆ ಉಟ್ಟದ್ದನ್ನು ಸೊಸೆ ಉಡುತ್ತಾಳೆ, ಯಾರದು ಎಷ್ಟು ಅಳತೆ ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ. 2023ರ ಫೆಬ್ರವರಿ 1ರಂದು ನಿರ್ಮಲಾ ಸೀತಾರಾಮನ್ ಸಂಸತ್ತಿನಲ್ಲಿ ಬಜೆಟ್ ಓದಿದ್ದು ಧಾರವಾಡದ ಕಸೂತಿ ಹಾಕಿದ ಕೆಂಪು ಇಳಕಲ್ ಸೀರೆಯಲ್ಲಿ. ಬಜೆಟ್ಟಿನ ಬಗ್ಗೆ ಏನೇ ಜಗಳವಿರಲಿ, ಸೀರೆ ಕಂಡು ಹಳ್ಳಿ ಗುಗ್ಗು ಎಂದವರನ್ನು ಕಾಣೆ.

ಸ್ಟೈಲ್ ಬೇಕೆ? ಕತ್ತರಿ ಇಲ್ಲದೆ ಮಾಡಿ. ಕುಪ್ಪಸದ ಬದಲು ಬಿಳಿ ಕಾಟನ್ ಶರ್ಟು, ಸೊಂಟಕ್ಕೆ ಚರ್ಮದ ಬೆಲ್ಟು, ಕಾಲಿಗೆ ಕ್ಯಾನ್ವಾಸ್ ಬೂಟು. ಹತ್ತಿ ಒಡಲಿನ ಸೀರೆ ಉಬ್ಬುತ್ತದೆ ಎಂಬ ದೂರು ಗಂಜಿ ಹೆಚ್ಚಾದಾಗಿನದು. ಗಂಜಿಯನ್ನು ನೀರಿನಷ್ಟು ತೆಳ್ಳಗೆ ಮಾಡಿ, ಪೂರಾ ಒಣಗುವ ಮುಂಚೆ ಇಸ್ತ್ರಿ ಹೊಡೆಯಿರಿ. ಲಂಗದ ಘೇರು ಕಡಿಮೆ ಇರಲಿ. ನಿರಿಗೆ ಐದಿಂಚಿನವು, ಒಳಗೆ ಸಿಕ್ಕಿಸುವ ಮುಂಚೆ ಹೊಕ್ಕಳಿನಿಂದ ಎರಡಿಂಚು ಕೆಳಗೆ ಎಲ್ಲ ಸೇರಿಸಿ ಒಂದು ಪಿನ್ನು. ಸ್ಕೂಟಿ ಹೊಡೆಯುವವರು ಕೆಳದಡಿಯನ್ನು ನೆಲದಿಂದ ಎರಡಿಂಚು ಮೇಲಿಟ್ಟು, ಸೆರಗನ್ನು ಹಿಂದಿನಿಂದ ತಂದು ಬಲ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಗಾಲಿಗೆ ಸಿಗುವ ಭಯವಿಲ್ಲ. ಎರಡೂ ಕೈ ಬಿಡುವೇ.

ಕೌದಿಯ ವಾದಕ್ಕೆ ಒಂದೇ ಮಾತು. ಅಜ್ಜಿಯರು ಕೌದಿಗೆ ಹರಿದದ್ದು ಉಟ್ಟು ಸವೆದು ಜಾಳಾದ ಸೀರೆಯನ್ನು, ಹೊಸದನ್ನಲ್ಲ.

ಅಷ್ಟಾದರೂ ಹೊಲಿಸಿಯೇ ಸೈ ಎನ್ನುವವರು ಕೈಮಗ್ಗದ ಸೀರೆ ಬಿಟ್ಟು ಪವರ್‌ಲೂಮಿನದಕ್ಕೆ ಕತ್ತರಿ ಹಚ್ಚಲಿ. ಸೆರಗಿನ ಗೆರೆಯಲ್ಲಿ ಕೊಂಡಿ ಇಲ್ಲದಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಎಳೆಯೊಂದನ್ನು ಸುಟ್ಟು ನೋಡಿದರೆ ಅದು ಯಾವ ನೂಲು ಎಂಬುದೂ ತಿಳಿಯುತ್ತದೆ: ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕೊಂಡಿ ಇರುವುದನ್ನು ಬಿಳಿ ಪಂಚೆಯಲ್ಲಿ ಸುತ್ತಿಡಿ. ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ, ಕೊಂಡಿಯ ಗೆರೆ ಮಡಿಕೆಯ ಮೇಲೆ ಬಾರದ ಹಾಗೆ ನೋಡಿಕೊಳ್ಳಿ. ನುಸಿಗುಳಿಗೆ ಬಟ್ಟೆಗೆ ತಾಗಬಾರದು.