ಕೋಣ ನೀರಿಗೆ ಎಳೆದದ್ದೇಕೆ

ಏಪ್ರಿಲ್ ತಿಂಗಳು, ಸಂಜೆ ನಾಲ್ಕು ಗಂಟೆ. ಧಾರವಾಡದ ಕೆಲಗೇರಿ ಕೆರೆಯ ಕಡೆಯಿಂದ ಬರುತ್ತಿದ್ದೆ. ಮುಂದೆ ಹನ್ನೆರಡು ಎಮ್ಮೆ. ಮೈತುಂಬ ಹಸಿ ಕೆಸರು, ರಸ್ತೆತುಂಬ ಕೋಡು. ಸ್ಕೂಟರ್ ನುಗ್ಗಿಸಲು ಸಂದೇ ಇಲ್ಲ. ಹಾರ್ನ್ ಹೊಡೆದೆ. ಎಮ್ಮೆಗಳು ಕಿವಿ ಕೂಡ ಅಲ್ಲಾಡಿಸಲಿಲ್ಲ. ತಿರುಗಿ ನೋಡಿದ್ದು ಗೌಳಿ ಅಜ್ಜ.

"ಹಾರ್ನ್ ಹೊಡಿಬ್ಯಾಡ್ರಿ. ಈಗ ಹೋಗಿ ಹಿಂಡೋದೈತಿ. ಅಂಜಿದ್ರ ತೊರಿ ಬಿಡಂಗಿಲ್ಲ."

ಅಜ್ಜ ಹೇಳಿದ್ದು ಅಪ್ಪಟ ವಿಜ್ಞಾನ. ಎಮ್ಮೆಯ ಹಾಲಿನಲ್ಲಿ ನೂರಕ್ಕೆ ಸುಮಾರು 95 ಪಾಲು ಕೆಚ್ಚಲಿನ ಒಳಗಿನ ಪುಟ್ಟ ಪುಟ್ಟ ಗೂಡುಗಳಲ್ಲೇ ಕೂತಿರುತ್ತದೆ. ಕರು ಬಾಯಿ ಹಾಕಿದಾಗ, ಗುರುತಿನ ಕೈ ತಾಗಿದಾಗ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬಂದು ಆ ಗೂಡುಗಳನ್ನು ಹಿಂಡುತ್ತದೆ. ಆಗಲೇ ಹಾಲು ಇಳಿಯುವುದು; ಅಜ್ಜ ಹೇಳಿದ ತೊರೆ ಬಿಡುವುದು ಇದೇ. ಹೆದರಿದರೆ ಅಡ್ರಿನಲಿನ್ ಎಂಬ ಇನ್ನೊಂದು ಹಾರ್ಮೋನು ಅಡ್ಡ ಬರುತ್ತದೆ. ಕೆಚ್ಚಲು ತುಂಬಿದ್ದರೂ ತಂಬಿಗೆ ಖಾಲಿ. ನಾನು ಹಾರ್ನ್ ಮೇಲಿನ ಹೆಬ್ಬೆರಳು ತೆಗೆದೆ. ನಾಳೆಯ ಚಹಾದ ಪ್ರಶ್ನೆ ನೋಡಿ.

ಆದರೆ ಆ ಕೆಸರು? 'ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು' ಎಂದು ಜಗಳವಾಡುವ ಗಂಡ-ಹೆಂಡತಿಗೆಲ್ಲ ಹೇಳುತ್ತೇವೆ. ಪಾಪ, ಕೋಣನ ಕಷ್ಟ ಯಾರೂ ಕೇಳಲಿಲ್ಲ. ದನಗಳಿಗೆ ಇರುವ ಬೆವರಿನ ಗ್ರಂಥಿಗಳಲ್ಲಿ ಎಮ್ಮೆ-ಕೋಣಗಳಿಗೆ ಇರುವುದು ಸುಮಾರು ಆರನೇ ಒಂದು ಪಾಲು. ಮೇಲೆ ಕಪ್ಪು ಚರ್ಮ, ಬಿಸಿಲನ್ನು ಹೀರಿಕೊಳ್ಳುವುದಕ್ಕೆ. ನೆರಳು ಕೊಡುವಷ್ಟು ಕೂದಲೂ ಇಲ್ಲ. ಎತ್ತು ಬೆವರಿ ಏರಿ ಹತ್ತಬಹುದು. ಕೋಣಕ್ಕೆ ಬೆವರನ್ನು ಹೊರಗಿನಿಂದಲೇ ತರಬೇಕು, ಅಂದರೆ ಕೆರೆಯಿಂದ. ಬರಿ ನೀರಾದರೆ ಬೇಗ ಆರುತ್ತದೆ. ಕೆಸರಿನಲ್ಲಿ ತೇವ ಜಾಸ್ತಿ ಹೊತ್ತು ನಿಲ್ಲುತ್ತದೆ, ನೊಣ ಕಡಿಯುವುದೂ ಕಡಿಮೆ. ಇಷ್ಟು ಲೆಕ್ಕ ಹಾಕಿ ಮಲಗುವ ಪ್ರಾಣಿಗೆ ನಾವು ಕೊಟ್ಟ ಹೆಸರು ಸೋಮಾರಿ.

ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಅನ್ನುವುದೂ ಅಷ್ಟೇ. ಮಳೆ ಬಂದರೆ ಅದು ಯಾಕೆ ಓಡಬೇಕು? ಕೆರೆಯೇ ಮೈಮೇಲೆ ಬಂದಿದೆಯಲ್ಲ!

ಹಾಲಿನ ಬಣ್ಣದ್ದು ಇನ್ನೊಂದು ತಮಾಷೆ. ಹಸಿರು ಮೇವಿನ ಹಳದಿ ಕ್ಯಾರೋಟಿನ್ನು ಆಕಳ ಹಾಲಿನ ಕೊಬ್ಬಿಗೆ ಸ್ವಲ್ಪ ಸೇರಿ ತುಪ್ಪ ಹಳದಿಯಾಗುತ್ತದೆ. ಎಮ್ಮೆ ಅದನ್ನು ಬಣ್ಣವಿಲ್ಲದ ಎ ವಿಟಮಿನ್ ಮಾಡಿಬಿಡುತ್ತದೆ. ಹಾಗಾಗಿ ಕಪ್ಪು ಎಮ್ಮೆಯ ಹಾಲು ಅಷ್ಟು ಬಿಳಿ. ಕೊಬ್ಬು ಸುಮಾರು 7 ಪ್ರತಿಶತ, ಆಕಳದ್ದು 4ರ ಆಸುಪಾಸು. ಆ ಬಿಳಿ ಹಾಲನ್ನು ಖೋವಾ ಮಾಡಿ, ಕಂದು ಬಣ್ಣ ಬರುವ ತನಕ ಹುರಿದು ಪೇಢೆ ಮಾಡುವುದು ನಮ್ಮೂರಿನವರ ಕೆಲಸ. ನಡುವೆ ಎಮ್ಮೆಯನ್ನು ಯಾರೂ ನೆನೆಯುವುದಿಲ್ಲ. ಧಾರವಾಡಿ ಎಮ್ಮೆ ಎಂಬ ತಳಿಯೇ ಇದೆ, ದೇಶದ ತಳಿಪಟ್ಟಿಯಲ್ಲೂ ಹೆಸರಿದೆ. ಕುಡಗೋಲಿನಂತೆ ಹಿಂದಕ್ಕೆ ಬಾಗಿದ ಆ ಕೋಡುಗಳೇ ಈಗ ನನ್ನ ದಾರಿ ಕಟ್ಟಿದ್ದು.

ಮನುಷ್ಯನ ಮೈಯಲ್ಲಿ 20 ಲಕ್ಷಕ್ಕೂ ಮಿಕ್ಕಿ ಬೆವರಿನ ಗ್ರಂಥಿಗಳಿವೆ. ನನ್ನವು ಹೆಲ್ಮೆಟ್ ಒಳಗೆ, ಅಂಗಿಯ ಬೆನ್ನಿನಲ್ಲಿ ಬಿಡುವಿಲ್ಲದೆ ದುಡಿಯುತ್ತಿದ್ದವು. ಓಣಿ ಬಂತು. ಎಮ್ಮೆಗಳು ಒಂದೊಂದಾಗಿ ತಿರುಗಿದವು. ಕೊನೆಯದು ಹೋಗುವಾಗ ಬಾಲ ಬೀಸಿತು. ಬಿಳಿ ಅಂಗಿಯ ಮೇಲೆ ಅಂಗೈ ಅಗಲ ಕೆರೆಯ ಕೆಸರು.

ಮನೆ ಮುಟ್ಟುವ ತನಕ ಅಷ್ಟು ಜಾಗ ಮಾತ್ರ ತಂಪಾಗಿತ್ತು.