ಸೆಂಟಿನ ಬಾಟಲಿಗೂ ಜಾಗಿಂಗ್

ಗಲ್ಫ್‌ನಿಂದ ರಜೆಗೆ ಬರುತ್ತಿದ್ದ ನಮ್ಮ ಸೋದರಮಾವನ ಪೆಟ್ಟಿಗೆಯಲ್ಲಿ ಹಾಲಿನ ಪುಡಿ, ಕೊಡಲಿ ಗುರುತಿನ ಎಣ್ಣೆಯ ಜೊತೆಗೆ ಹಸಿರು ಬಾಟಲಿಯ ಸೆಂಟೊಂದು ಇದ್ದೇ ಇರುತ್ತಿತ್ತು. ಹೆಸರು ಪೋಲೋ. 1978ರಲ್ಲಿ ಅಮೆರಿಕದ ರಾಲ್ಫ್ ಲಾರೆನ್ ಹೊರತಂದದ್ದು. ಚರ್ಮ, ಹೊಗೆಸೊಪ್ಪು, ಪೈನ್ ಮರ ಎಲ್ಲ ಸೇರಿದ ಗಡುಸು ವಾಸನೆ. ಮಾವ ವಾಪಸು ಹೋಗಿ ವಾರ ಕಳೆದರೂ ಅವರು ಮಲಗಿದ್ದ ದಿಂಬು ಇನ್ನೂ ದುಬೈಯಲ್ಲೇ ಇರುತ್ತಿತ್ತು.

ಮೊನ್ನೆ ಆ ನೆನಪು ಕೆದಕಿ, ಮಂಗಳೂರಿನ ಒಂದು ಮಾಲ್‌ನೊಳಗೆ ಹೊಕ್ಕೆ. ಹಸಿರು ಬಾಟಲಿ ಎಂದದ್ದೇ ತಡ, ಅಂಗಡಿಯ ಹುಡುಗ ನನ್ನ ನರೆತ ಮೀಸೆಯನ್ನು ಕರುಣೆಯಿಂದ ನೋಡಿದ.

"ಅದೆಲ್ಲ ಈಗ ಅಜ್ಜಂದಿರು ಹಾಕುವುದು ಸರ್. ನೀವು ಸ್ಪೋರ್ಟ್ ತೆಗೆದುಕೊಳ್ಳಿ."

"ನಾನು ಯಾವ ಆಟವನ್ನೂ ಆಡುವುದಿಲ್ಲ ಮಾರಾಯ."

"ಆಡಬೇಕು ಎಂದೇನಿಲ್ಲ ಸರ್. ಹಾಕಿಕೊಂಡರೆ ಸಾಕು."

ಕಪಾಟು ನೋಡಿದೆ. ಸೆಂಟಿನ ಹಳೆಯ ಮನೆತನಗಳೆಲ್ಲ ಹಿರಿಮಗನನ್ನು ಮೂಲೆಗೆ ಕೂರಿಸಿ, ಕಿರಿಯನಿಗೆ ಚಡ್ಡಿ ತೊಡಿಸಿ ಮೈದಾನಕ್ಕೆ ಬಿಟ್ಟಿವೆ. ಶನೆಲ್‌ನವರ ಅಲ್ಯೂರ್ ಓಮ್ ಹುಟ್ಟಿದ್ದು 1999ರಲ್ಲಿ. 2004ಕ್ಕೆ ಅದಕ್ಕೊಬ್ಬ ಸ್ಪೋರ್ಟ್ ತಮ್ಮ. ದಿಯೋರ್ ಓಮ್ 2005ರದ್ದು. ಅಲ್ಲಿ ಮೂರೇ ವರ್ಷಕ್ಕೆ ತಮ್ಮ ಹಾಜರು. ಆದರೆ ನನಗೆ ನಗು ತಡೆಯಲಾಗದ್ದು ಮಾವನ ಪೋಲೋ ವಿಷಯದಲ್ಲಿ. ಪೋಲೋ ಎಂದರೇ ಕುದುರೆಯೇರಿ ಆಡುವ ಒಂದು ಆಟ. 1994ರಲ್ಲಿ ಅದಕ್ಕೂ ಬಾಲ ಅಂಟಿಸಿ ಪೋಲೋ ಸ್ಪೋರ್ಟ್ ಮಾಡಿದರು. ನಾವು ಗೇಟು ಬಾಗಿಲು ಎನ್ನುತ್ತೇವಲ್ಲ, ಹಾಗೆ. ನಾಳೆ ನಮ್ಮಲ್ಲಿ ಕಬಡ್ಡಿ ಸ್ಪೋರ್ಟ್ ಎಂದು ಬ್ಯಾನರ್ ಕಟ್ಟಿದರೆ ಯಾರೂ ನಗಬಾರದು.

ಹುಡುಗ ಬಿಳಿ ಕಾಗದದ ಪಟ್ಟಿಯೊಂದಕ್ಕೆ ಚುಸ್ ಎಂದು ಸಿಂಪಡಿಸಿ, ಪೂಜೆಯ ಭಟ್ಟರು ಆರತಿ ಎತ್ತುವಂತೆ ಮೂರು ಸಲ ಬೀಸಿ ನನ್ನ ಮೂಗಿಗೆ ಹಿಡಿದ. ಮೊದಲು ನಿಂಬೆ. ಆ ನಿಂಬೆಗೆ ಆಯುಷ್ಯ ಕಡಿಮೆ. ಹಗುರವಾದ ಅಣುಗಳು, ಬೇಗ ಆವಿಯಾಗುತ್ತವೆ. ಮೇ ತಿಂಗಳ ಮಧ್ಯಾಹ್ನ ಹಂಪನಕಟ್ಟೆಯಲ್ಲಿ ಹಾಕಿಕೊಂಡು ಬಾವುಟಗುಡ್ಡೆ ಹತ್ತಿದರೆ, ನೀವು ಮೇಲೆ ಮುಟ್ಟುವ ಮೊದಲೇ ಅದು ಊರು ಬಿಟ್ಟಿರುತ್ತದೆ. ಸ್ಪೋರ್ಟ್ ಎಂದರೆ ಓಟವೇ ಇರಬೇಕು.

"ಇದರಲ್ಲಿ ಸಮುದ್ರ ಉಂಟು ಸರ್" ಎಂದ ಹುಡುಗ, ಬಾಟಲಿಯ ನೀಲಿಯನ್ನು ದೀಪಕ್ಕೆ ಹಿಡಿದು.

ಯಾರಿಗೆ ಹೇಳುತ್ತಿದ್ದಾನೆ! ಸಮುದ್ರದ ವಾಸನೆ ಬೇಕಾದರೆ ನಾನು ಬಂದರಿನ ಧಕ್ಕೆಗೆ ಹೋಗುತ್ತೇನೆ. ಬೆಳಗ್ಗೆ ಬೋಟು ಬಂದ ಹೊತ್ತಿಗೆ ಮಂಜುಗಡ್ಡೆ, ಡೀಸೆಲ್, ಬೂತಾಯಿ, ಬಂಗುಡೆ ಎಲ್ಲ ಸೇರಿ ಬರುವ ಆ ಗಾಳಿಗೆ ಸೀಸೆಯ ಮುಚ್ಚಳವೂ ಹಾರಿಹೋದೀತು. ಬಾಟಲಿಯ ಸಮುದ್ರದ ಕಥೆಯೇ ಬೇರೆ. ಈ ಜಾತಿಯ ಸೆಂಟುಗಳಲ್ಲಿ ಬಳಸುವ ಕ್ಯಾಲೋನ್ ಎಂಬ ರಾಸಾಯನಿಕ 1966ರಲ್ಲಿ ಸಿಕ್ಕಿದ್ದು ಫೈಜರ್ ಎಂಬ ಔಷಧ ಕಂಪನಿಯ ರಸಾಯನಶಾಸ್ತ್ರಜ್ಞರಿಗೆ. ಅದು ಕಡಲ ಗಾಳಿಯನ್ನು ನೆನಪಿಸುತ್ತದಂತೆ. ಜೊತೆಗೆ ಒಂದು ಹಣ್ಣನ್ನೂ ನೆನಪಿಸುತ್ತದೆ. ಯಾವುದೆಂದು ಆಮೇಲೆ ಹೇಳುತ್ತೇನೆ.

ಅದೇ 1966ರಲ್ಲಿ ಎಡ್ಮಂಡ್ ರೂಡ್ನಿಟ್ಸ್ಕಾ ಎಂಬ ಪರಿಮಳ ತಜ್ಞ ದಿಯೋರ್‌ಗಾಗಿ ಓ ಸೊವಾಜ್ ಮಾಡಿದ. ಗಂಡಸರ ಸೆಂಟುಗಳಲ್ಲಿ ಅದು ದೊಡ್ಡ ಹೆಸರು. ಅದರೊಳಗಿನ ಗುಟ್ಟು ಹೆಡಿಯೋನ್, ಅಂದರೆ ಮಲ್ಲಿಗೆ ಕುಲದ ಹೂವನ್ನು ಜಾಲಾಡಿ ಕಂಡುಕೊಂಡ ಪರಿಮಳ. ಶಂಕರಪುರದ ಮಲ್ಲಿಗೆಯನ್ನು ಅಟ್ಟೆಗಟ್ಟಲೆ, ಅಂದರೆ ಕಟ್ಟುಗಟ್ಟಲೆ, ಹೆಂಡತಿಗೆ ತಂದುಕೊಡುವ ನಮ್ಮ ಉಡುಪಿಯ ಗಂಡಸು, ಅದರ ಒಂದು ಎಸಳನ್ನೂ ತಾನು ಮುಡಿಯುವುದಿಲ್ಲ. ಆದರೆ ಆ ವಾಸನೆಯೇ ಫ್ರಾನ್ಸಿನಿಂದ ಬಾಟಲಿಯಲ್ಲಿ ಬಂದರೆ ಕುತ್ತಿಗೆಗೆ ಎರಡು ಸಲ ಹೊಡೆದುಕೊಳ್ಳುತ್ತಾನೆ. ಮದುವೆ ಸೀಸನ್‌ನ ಅಟ್ಟೆಯ ದರಕ್ಕೆ ಬಾಯಿ ಬಡಿದುಕೊಳ್ಳುವವನೂ ಅವನೇ.

ನಿಜವಾದ ಕ್ರೀಡೆಯ ವಾಸನೆಯನ್ನು ಮಾತ್ರ ಯಾರೂ ಬಾಟಲಿಗೆ ಇಳಿಸಿಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಉಸೇನ್ ಬೋಲ್ಟ್‌ನ ಹೆಸರು ತೆಗೆಯಿತು. ಕೆಸರು, ಕೋಣನ ಮೈಗೆ ತಿಕ್ಕಿದ ಎಣ್ಣೆ, ಬೆವರು: ಆ ಸ್ಪೋರ್ಟ್‌ನ ನೂರು ಮಿಲಿಲೀಟರಿಗೆ ದರ ಕಟ್ಟುವ ಧೈರ್ಯ ಯಾವ ಕಂಪನಿಗೂ ಬರಲಿಲ್ಲ. ಸ್ಪೋರ್ಟ್ ಸೆಂಟು ಆಟದ ವಾಸನೆಯಲ್ಲ. ಆಟ ಮುಗಿಸಿ, ಸ್ನಾನ ಮಾಡಿ, ಆಟವನ್ನೇ ಮರೆತವನ ವಾಸನೆ. ನನ್ನಂಥವನಿಗೆ ಮೊದಲ ಎರಡು ಹಂತಗಳ ತೊಂದರೆಯೂ ಇಲ್ಲ.

ದರ ಕೇಳಿದೆ. ಕೇಳಿದ ಮೇಲೆ ಬೆವರು ಬಂತು, ಅಷ್ಟರ ಮಟ್ಟಿಗೆ ವ್ಯಾಯಾಮವಾಯಿತು. ಹುಡುಗನಿಗೆ ಬೇಸರವಾಗದಿರಲಿ ಎಂದು ಕಾಗದದ ಪಟ್ಟಿಯನ್ನು ಅಂಗಿಯ ಜೇಬಿಗಿಟ್ಟುಕೊಂಡು ಸ್ಟೇಟ್‌ಬ್ಯಾಂಕಿಗೆ ಹೋಗುವ ಬಸ್ ಹತ್ತಿದೆ. ಕಂಡಕ್ಟರ್ ಸೀಟಿ ಊದಿ ಇನ್ನಷ್ಟು ಜನರನ್ನು ತುರುಕಿದ. ಮೀನು ಮಾರಿ ಖಾಲಿ ಬುಟ್ಟಿಯೊಂದಿಗೆ ಮರಳುತ್ತಿದ್ದ ಹೆಂಗಸೊಬ್ಬರು ನನ್ನ ಪಕ್ಕಕ್ಕೆ ಬಂದು ನಿಂತರು. ತಲೆಯಲ್ಲಿ ಬಾಡಿದ ಮಲ್ಲಿಗೆ. ಒಂದೆರಡು ಸಲ ಮೂಗು ಅರಳಿಸಿ, ನನ್ನ ಕೈಚೀಲದ ಕಡೆಗೆ ಬಗ್ಗಿ ನೋಡಿ ಕೇಳಿದರು:

"ಕಲ್ಲಂಗಡಿ ಎಲ್ಲಿಂದ ತೆಗೆದುಕೊಂಡಿರಿ ಅಣ್ಣ? ಕಿಲೋಗೆ ಎಷ್ಟು?"