ತಡವಾಗಿ ಬಂದರೆ ನಷ್ಟವಿಲ್ಲವೇ? ಸತ್ಯಾಂಶ

‘ಸರ್ಕಾರದ ಹಣ ತಡವಾದರೂ ಬಂದೇ ಬರುತ್ತದೆ, ಆದ್ದರಿಂದ ಸೇವಾ ಸಂಸ್ಥೆಗಳಿಗೆ ನಷ್ಟವಿಲ್ಲ’ ಎಂಬ ಫಾರ್ವರ್ಡ್ ಸಂದೇಶ ಸರಿಯಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2015ರ ಜುಲೈನಿಂದ ಎರಡು ವರ್ಷ ಪೂರ್ಣ ಬಜೆಟ್ ಅಂಗೀಕಾರವಾಗದೆ, ಸರ್ಕಾರದ ಪರವಾಗಿ ವೃದ್ಧರನ್ನೂ ವ್ಯಸನಪೀಡಿತರನ್ನೂ ನೋಡಿಕೊಳ್ಳುತ್ತಿದ್ದ ಸಂಸ್ಥೆಗಳ ಬಿಲ್‌ಗಳು ತಿಂಗಳುಗಟ್ಟಲೆ ಬಾಕಿ ಉಳಿದವು. ಲುಥರನ್ ಸೋಷಿಯಲ್ ಸರ್ವೀಸಸ್ ಆಫ್ ಇಲಿನಾಯ್ ಎಂಬ ದೊಡ್ಡ ಸಂಸ್ಥೆ, ತನಗೆ 60 ಲಕ್ಷ ಡಾಲರ್‌ಗೂ ಹೆಚ್ಚು ಬರಬೇಕಿದ್ದ ಹೊತ್ತಿನಲ್ಲೇ, 30 ಕಾರ್ಯಕ್ರಮಗಳನ್ನು ಮುಚ್ಚಿ 750ಕ್ಕೂ ಹೆಚ್ಚು ಹುದ್ದೆಗಳನ್ನು ಕೈಬಿಡುವುದಾಗಿ 2016ರ ಜನವರಿಯಲ್ಲಿ ಪ್ರಕಟಿಸಿತು. ಸಂಬಳ, ಬಾಡಿಗೆ, ಔಷಧದ ಖರ್ಚುಗಳನ್ನು ಮುಂದೂಡಲಾಗದು. ಸಾಲ ತಂದರೆ ಬಡ್ಡಿಯನ್ನು ಸಂಸ್ಥೆಯೇ ಕಟ್ಟಬೇಕು. ತಡವಾದ ಬಿಲ್‌ಗಳಿಗೆ ತಿಂಗಳಿಗೆ ಶೇ. 1ರ ಬಡ್ಡಿ ನೀಡುವ ಕಾನೂನು ಅಲ್ಲಿದೆ ನಿಜ, ಆದರೆ ಆ ಬಡ್ಡಿಯೂ ಅಸಲಿನಂತೆಯೇ ತಡವಾಗಿ ಕೈಸೇರುತ್ತದೆ, ಅಷ್ಟರಲ್ಲಿ ಅನುಭವಿ ಆರೈಕೆದಾರರು ಬೇರೆ ಕೆಲಸ ಹಿಡಿದಿರುತ್ತಾರೆ.